ಡಬ್ಬಿಯ ಹಿಂದಿನ ಬಣ್ಣಪಟ್ಟಿ

ಊರಿನ ಜಗತ್ ಬಡಾವಣೆಯ ಅಂಗಡಿಯೊಂದರಲ್ಲಿ ನಾನು ಮನೆಯಲ್ಲೇ ಕೂದಲು ತೆಗೆಯುವ ಲೇಸರ್ ಯಂತ್ರ ಮಾರುತ್ತಿದ್ದೆ. ‘ಎಲ್ಲರಿಗೂ ಸುರಕ್ಷಿತ’ ಎನ್ನಬೇಕೆಂದು ಮಾಲೀಕರ ಕಟ್ಟಪ್ಪಣೆ. ಒಂದು ಮಧ್ಯಾಹ್ನ ಕಮಲಾಪುರದಿಂದ ಶಬಾನಾ ಎಂಬ ಹುಡುಗಿ ಬಂದಳು. ಮುಂದಿನ ತಿಂಗಳು ಮದುವೆ. ಗದ್ದದ ಮೇಲಿನ ಕೂದಲು ಹೋಗಬೇಕಿತ್ತು. ಡಬ್ಬಿಯ ಹಿಂದಿದ್ದ ಚರ್ಮದ ಬಣ್ಣಗಳ ಪಟ್ಟಿಯಲ್ಲಿ ಅಡ್ಡಗೆರೆ ಎಳೆದಿದ್ದ ಕಪ್ಪು ಬಣ್ಣದ ಪಕ್ಕ ಕೈಯಿಟ್ಟು ಕೇಳಿದಳು:

“ನನ್ನ ಬಣ್ಣದ ಮ್ಯಾಲ ಕಾಟು ಹೊಡದಾರಲ್ರೀ, ಯಾಕ?”

ಸುಳ್ಳು ಬಾಯಿತನಕ ಬಂದಿತ್ತು. ಆದರೆ ನನ್ನ ಕೈಯೂ ಅದೇ ಬಣ್ಣದ್ದು.

“ಕಪ್ಪು ಚರ್ಮ ಇದರ ಬೆಳಕಿಗೆ ಸುಡತದ್ರೀ. ಮುಖಕ್ಕ ಹಚ್ಚಬ್ಯಾಡ್ರಿ, ಚರ್ಮದ ಡಾಕ್ಟರ್‌ಗೆ ತೋರಸ್ರಿ,” ಅಂದೆ.

“ಮತ್ತ ನಮ್ಮ ಕಡೆ ಇದನ್ನ ಯಾರಿಗೆ ಮಾರ್ತೀರಿ?”

ಅವಳು ನಕ್ಕು, ಡಬ್ಬಿ ನನ್ನ ಕೈಗೇ ಕೊಟ್ಟು ಹೋದಳು.

ಮಾಲೀಕರು ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ನನ್ನನ್ನು ಮಿಕ್ಸರ್ ಮಾರಲು ಹಾಕಿದರು. ಸದ್ಯ, ಮಿಕ್ಸರ್ ಯಾರ ಬಣ್ಣವನ್ನೂ ಕೇಳುವುದಿಲ್ಲ.