ಚನ್ನರಾಯಪ್ಪನವರ ರೇಸ್ ಕಾರು

ಮುಳಬಾಗಿಲಿನ ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ ಚನ್ನರಾಯಪ್ಪನವರು ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದರು. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಅಷ್ಟು ಒಳ್ಳೆಯದಲ್ಲ.

2001ರಲ್ಲಿ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆಂದೇ ಒಂದು ಕೋಣೆ, ಗಾಜಿನ ಬಾಗಿಲು ಎಲ್ಲ ಆಯಿತು. ಚಪ್ಪಲಿ ಹೊರಗೆ ಬಿಡಬೇಕು, ಹೊದಿಕೆ ಹಾಕದೆ ಹೋಗಬಾರದು ಎಂದು ಕಾಗದದಲ್ಲಿ ಬರೆದು ಅಂಟಿಸಿದವಳು ನಾನೇ. ಬೆಳಿಗ್ಗೆ ಹೊದಿಕೆ ತೆಗೆದು ಒಣಬಟ್ಟೆಯಲ್ಲಿ ಒರೆಸುವುದು, ಸಂಜೆ ಮತ್ತೆ ಹೊದಿಸುವುದು ಚನ್ನರಾಯಪ್ಪನವರ ಕೆಲಸ. ಅವರ ಕೈ ಕೀಬೋರ್ಡಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತರೂ ನಾನು "ಮುಟ್ಟಬೇಡಿ ಚನ್ನರಾಯಪ್ಪ!" ಎಂದು ಕೂಗುತ್ತಿದ್ದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಪಕ್ಕ ಹೋಗಿ ನಿಲ್ಲುತ್ತಿದ್ದರು. ನನ್ನ ತಂದೆಯ ವಯಸ್ಸಿನವರು.

ಊಟದ ಹೊತ್ತಿನಲ್ಲಿ ನಾನು ಆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದೆ. ಕಚೇರಿ ಲೆಕ್ಕಕ್ಕೆ ತಂದ ಮಷೀನು, ಅದರಲ್ಲಿ ಕಾರು ಓಡುವುದಕ್ಕಿಂತ ಕುಂಟುತ್ತಿದ್ದುದೇ ಹೆಚ್ಚು. ಬಾಗಿಲ ಹತ್ತಿರದಿಂದ ಚನ್ನರಾಯಪ್ಪನವರು ತಡೆಯಲಾಗದೆ, "ಎಡಕ್ಕೆ ಮೇಡಂ, ಎಡಕ್ಕೆ! ಲಾರಿ ಬಂತು!" ಎನ್ನುತ್ತಿದ್ದರು. "ಸುಮ್ನಿರಿ ನೀವು" ಎನ್ನುತ್ತಿದ್ದೆ. ಅವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಪ್ರತಿ ಮಂಗಳವಾರ ಟಪಾಲು ಚೀಲ ಹಿಡಿದು ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವಾಗ ಹಿಂದೆ ಸೀಟು ಖಾಲಿ ಇದ್ದರೂ ಡ್ರೈವರ್ ಪಕ್ಕದಲ್ಲೇ ಕೂರುತ್ತಿದ್ದರಂತೆ. ಯಾವ ಡ್ರೈವರ್ ಎಲ್ಲಿ ಗೇರ್ ಬದಲಾಯಿಸುತ್ತಾನೆ ಎಂಬುದನ್ನು ಹೆಸರು ಹಿಡಿದು ಹೇಳುತ್ತಿದ್ದರು.

2008ರಲ್ಲಿ ಅವರು ನಿವೃತ್ತರಾದರು. ಅದೇ ತಿಂಗಳು ಹೊಸ ಕಂಪ್ಯೂಟರುಗಳು ಬಂದು, ಹಳೆಯದನ್ನು ಮುರುಕಲು ಕುರ್ಚಿಗಳ ಜೊತೆ ಹರಾಜಿಗೆ ಹಾಕಿದರು. ಅದನ್ನು ಕೊಂಡವರು ಚನ್ನರಾಯಪ್ಪನವರು. ಎಲ್ಲರೂ ನಕ್ಕರು. "ಮೊಮ್ಮಕ್ಕಳಿಗಾ?" ಎಂದು ನಾನೂ ಕೇಳಿದೆ.

"ಇಲ್ಲ ಶ್ರೀವಾಣಿ ಮೇಡಂ, ನನಗೇ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಆ ಕಾರು ಕುಂಟದಂಗೆ ಓಡಬೇಕು. ಒಂದ್ಸಲ ನಾನೇ ಓಡಿಸ್ಬೇಕು. ಆಗ್ತದಾ?" ಎಂದು ಕೇಳಿದರು.

ನನಗೆ ಎಲ್ಲಿಯೋ ಚುಚ್ಚಿದಂತಾಯಿತು. ಆಗುತ್ತದೆ, ನಾನೇ ಮಾಡಿಕೊಡುತ್ತೇನೆ ಎಂದೆ. ಏಳು ವರ್ಷ ಆ ಮಷೀನಿನ ಮುಂದೆ ಕೂತು ಕೂತು ಅದರ ರಿಪೇರಿಯೂ ಅಷ್ಟಿಷ್ಟು ಕೈಗೆ ಹತ್ತಿತ್ತು.

ಒಂದು ಭಾನುವಾರ ದೇವರಾಯಸಮುದ್ರದ ಅವರ ಮನೆಗೆ ಹೋದೆ. ಹೈವೇ ಪಕ್ಕದ ಪುಟ್ಟ ಮನೆ. ಅವರ ಹೆಂಡತಿ ಬೈರಮ್ಮ ಕಾಫಿ ಕೊಟ್ಟು, ಕಂಪ್ಯೂಟರ್ ಡಬ್ಬದೊಳಗೆ ಏನಿದೆ ಎಂದು ನೋಡಲು ಪಕ್ಕದಲ್ಲೇ ಕೂತರು. ನಾನು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಹಿಡಿ ಹಿಡಿ ಧೂಳು. ಚನ್ನರಾಯಪ್ಪನವರ ಮುಖ ಸಣ್ಣದಾಯಿತು.

"ದಿನಾ ಒರೆಸ್ತಿದ್ದೆ ಮೇಡಂ. ಒಳಗಡೆ ಮುಟ್ಟೋಕೆ ಮಾತ್ರ ಬಿಟ್ಟಿರ್ಲಿಲ್ಲ" ಎಂದರು, ತಪ್ಪು ತಮ್ಮದೇ ಎನ್ನುವಂತೆ.

ಪೇಂಟ್ ಬ್ರಶ್ಶಿನಲ್ಲಿ ಧೂಳೆಲ್ಲ ತೆಗೆದೆವು. ಹಳೆಯ ರ‍್ಯಾಮಿನ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮಷೀನಿನ ನೆನಪು ಹೆಚ್ಚಲೆಂದು ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿದೆ. ಆಟದ ಚಿತ್ರಗಳ ಭಾರ ಹೊರುವುದಕ್ಕೆಂದೇ ಇರುವ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಕೋಲಾರದ ಅಂಗಡಿಯವನು ಬೆಂಗಳೂರಿನಿಂದ ತರಿಸಿಕೊಟ್ಟಿದ್ದ, ಅದನ್ನೂ ಸಿಕ್ಕಿಸಿದೆ. ಎಲ್ಲ ಯಾರೋ ಬಳಸಿ ಬಿಟ್ಟ ಸಾಮಾನೇ. ಆನ್ ಮಾಡಿದರೆ, ಅಬ್ಬಾ, ಆ ಕಾರು ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು! "ಬನ್ನಿ, ಕೂತ್ಕೊಳ್ಳಿ" ಎಂದೆ. ಅವರು ಕೂರಲಿಲ್ಲ. "ನೀವು ಹೋದ ಮೇಲೆ ಆಡ್ತೀನಿ ಮೇಡಂ" ಎಂದು ನಾಚಿಕೊಂಡರು.

ಬುಧವಾರ ಕಚೇರಿಗೆ ಅವರ ಫೋನ್ ಬಂತು. "ಹತ್ತು ನಿಮಿಷ ಓಡಿ ನಿಂತೋಗ್ತದೆ ಮೇಡಂ. ಮೊದಲು ಕರೆಂಟ್ ಹೋಯ್ತು ಅಂದ್ಕೊಂಡೆ. ಆದ್ರೆ ಮನೆ ಫ್ಯಾನ್ ತಿರುಗ್ತಾನೇ ಇತ್ತು. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ, ಬಿಡಿ."

ಕೈ ಸರಿಯಿಲ್ಲ ಎನ್ನುವುದೆಂಥ ಮಾತು! ಆಟೋದಲ್ಲಿ ಮಷೀನು ತರಿಸಿ, ಕರೆಂಟ್ ಹಂಚುವ ಪೆಟ್ಟಿಗೆಯನ್ನೇ ಬದಲಾಯಿಸಿ, ನಮ್ಮ ಮನೆಯಲ್ಲಿ ಮೂರು ಗಂಟೆ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ವಾಪಸ್ ಕಳಿಸಿದ ಮರುದಿನವೇ ಮತ್ತೆ ನಿಂತಿತಂತೆ. "ನನ್ನ ಹಣೇಲಿಲ್ಲ ಮೇಡಂ. ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಬೇಸರವಾಗಿದ್ದು.

ಮುಂದಿನ ಭಾನುವಾರ ಹೇಳದೆ ಕೇಳದೆ ಹೋದೆ. ಬಾಗಿಲು ತೆರೆದಿತ್ತು. ಚನ್ನರಾಯಪ್ಪನವರು ಕುರ್ಚಿಯ ತುದಿಯಲ್ಲಿ ಕೂತು ಎರಡು ಬೆರಳಿನಲ್ಲಿ ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿದ್ದ ಸಿಪಿಯು ಡಬ್ಬಕ್ಕೆ ತಲೆಯಿಂದ ಕಾಲಿನವರೆಗೆ ದಪ್ಪ ಹೊದಿಕೆ! ಬೈರಮ್ಮ ಹಳೆಯ ರೇಷ್ಮೆ ಸೀರೆಗೆ ಒಳಗೆ ಕಂಬಳಿ ಕೊಟ್ಟು ಹೊಲಿದದ್ದು, ಅಂಚಿನಲ್ಲಿ ಜರಿ ಬೇರೆ. ಬಿಸಿಗಾಳಿ ಹೊರಗೆ ಹೋಗಲು ಒಂದು ಕಿಂಡಿಯೂ ಬಿಟ್ಟಿರಲಿಲ್ಲ.

"ಅಯ್ಯೋ ಮುಟ್ಟಬೇಡಿ ಚನ್ನರಾಯಪ್ಪ!" ಎಂದು ಕೂಗಿಬಿಟ್ಟೆ.

ಅವರು ದಡಕ್ಕನೆ ಎದ್ದರು. ಎರಡೂ ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಪಕ್ಕ ಹೋಗಿ ನಿಂತರು. ತಮ್ಮ ಮನೆಯಲ್ಲಿ, ತಮ್ಮ ಬಾಗಿಲಿನ ಪಕ್ಕ.

ಬೈರಮ್ಮ ಅಡುಗೆಮನೆಯಿಂದ ಬಂದು ನನ್ನನ್ನೂ ಗಂಡನನ್ನೂ ನೋಡಿದರು. ಚನ್ನರಾಯಪ್ಪನವರೇ ಮೆಲ್ಲಗೆ ಅಂದರು: "ರೋಡಿನ ಧೂಳು ಮೇಡಂ. ಮತ್ತೆ ಒಳಗೆ ಹೋದ್ರೆ ನೀವೇ ಕ್ಲೀನ್ ಮಾಡ್ಬೇಕಲ್ಲ ಅಂತ. ಹೊದಿಕೆ ಇಲ್ದೆ ಬಿಡ್ಬಾರ್ದು ಅಂತ ನೀವೇ ಬರೆದಿದ್ರಿ."

ಹೌದು, ನಾನೇ ಬರೆದಿದ್ದೆ.

"ತಪ್ಪಾಯ್ತು" ಎಂದೆ. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಲ್ಲ. ಹೊದಿಕೆ ತೆಗೆದು ಮಡಿಸಿದೆ, ಬಟ್ಟೆ ಕೈಗೆ ಬಿಸಿ ತಾಗುತ್ತಿತ್ತು. "ಓಡೋವಾಗ ಇದಕ್ಕೆ ಉಸಿರಾಡೋಕೆ ಬೇಕು, ಬಿಸಿಯೇರಿದ್ರೆ ತಾನೇ ನಿಂತೋಗುತ್ತೆ. ಆಟ ಮುಗಿದು ಆಫ್ ಮಾಡಿದ ಮೇಲೆ ಹೊದಿಸಿ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇಲ್ಲ. ಬನ್ನಿ, ಕೂತ್ಕೊಳ್ಳಿ."

ಅವರು ಅಲ್ಲಾಡಲಿಲ್ಲ. ನಾನು ಮಷೀನಿನ ಹತ್ತಿರ ಇರುವವರೆಗೂ ಬರುವವರಲ್ಲ ಎಂದು ಆಗ ಹೊಳೆಯಿತು. ನಾನೇ ಬಾಗಿಲ ಕಡೆ ಹೋದೆ. ಅವರು ಸರಿದು ಜಾಗ ಬಿಟ್ಟರು. ಅವರು ನಿಂತಿದ್ದ ಜಾಗದಲ್ಲಿ ನಾನು ನಿಂತೆ.

ಚನ್ನರಾಯಪ್ಪನವರು ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂತರು. ಕಾರು ಹೊರಟಿತು. ಹತ್ತು ನಿಮಿಷ ದಾಟಿತು, ಇಪ್ಪತ್ತು ದಾಟಿತು, ನಿಲ್ಲಲಿಲ್ಲ. ಅವರು ಎಡಗಡೆ ಬಿಟ್ಟು ಸರಿಯಲಿಲ್ಲ, ತಿರುವಿನಲ್ಲೆಲ್ಲ ನಿಧಾನ ಮಾಡಿದರು, ಹಿಂದಿನಿಂದ ಬಂದ ಪ್ರತಿ ಕಾರಿಗೂ ದಾರಿ ಬಿಟ್ಟರು. ಪ್ರತಿ ಸಲವೂ ಕೊನೆಯವರಾಗಿ ಬಂದರು.

ನನಗೆ ತಡೆಯಲಾಗಲಿಲ್ಲ. "ಬಲಕ್ಕೆ ಹೋಗಿ, ಅವನನ್ನ ದಾಟಿ!" ಎಂದು ಬಾಗಿಲಿಂದ ಕೂಗಿದೆ.

"ಹೋಗ್ಲಿ ಬಿಡಿ ಮೇಡಂ, ನನಗೇನು ಅರ್ಜೆಂಟಿಲ್ಲ" ಎಂದು ನಕ್ಕರು. ಆಮೇಲೆ ತೆರೆಯಿಂದ ಕಣ್ಣು ತೆಗೆಯದೆಯೇ ಹೆಂಡತಿಯನ್ನು ಕರೆದರು. "ಬೈರಾ, ಮೇಡಂ ನಿಂತೇ ಇದ್ದಾರೆ, ಇನ್ನೊಂದು ಕುರ್ಚಿ ತಾ. ಇಲ್ಲೇ, ನನ್ನ ಪಕ್ಕದಲ್ಲೇ ಹಾಕು."

ಆ ಏಳು ವರ್ಷವೂ ಕಚೇರಿಯ ಗಾಜಿನ ಬಾಗಿಲಿನ ಕೋಣೆಯಲ್ಲಿ ಎರಡನೆಯ ಕುರ್ಚಿ ಒಂದಿತ್ತು. ಅದರ ಮೇಲೆ ನಾನು ನನ್ನ ಬ್ಯಾಗು ಇಡುತ್ತಿದ್ದೆ.