ಹನಕೆರೆಯಿಂದ ಒಂದು ಮಿಸ್ಡ್ ಕಾಲ್

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಹೊಳಲಿನ ಶಶಿಧರನ ಫೋನು ಒಂದೇ ಒಂದು ಸಲ ರಿಂಗಾಗಿ ನಿಲ್ಲುತ್ತಿತ್ತು. ಅದನ್ನು ಎತ್ತಬಾರದು. ಮದ್ದೂರಿನ ಜಕೀವುಲ್ಲಾ ಹತ್ತಿದ ಪ್ಯಾಸೆಂಜರ್ ಗಾಡಿ ಹನಕೆರೆ ಸ್ಟೇಷನ್ ಬಿಟ್ಟಿದೆ, ನೀನೂ ಸೈಕಲ್ ಹತ್ತು ಎಂದು ಅದರ ಅರ್ಥ. ಗಾಡಿ ಮಂಡ್ಯ ಮುಟ್ಟಿ ಜಕಿ ನಡೆದು ಬರುವಷ್ಟರಲ್ಲಿ ಶಶಿಧರ ಕಾಲೇಜಿನ ಸಿಮೆಂಟು ಅಂಗಳದಲ್ಲಿ ಚೆಂಡು ಹಿಡಿದು ನಿಂತಿರುತ್ತಿದ್ದ. ಈಗ ಫೋನು ಮಾಡುವುದಕ್ಕೆ ಯಾರಿಗೂ ಕಾಸು ಖರ್ಚಿಲ್ಲ. ಆದರೂ ಎರಡೂವರೆ ವರ್ಷ ಆ ಒಂದು ರಿಂಗು ತಪ್ಪಲಿಲ್ಲ.

ಅದು ನಿಂತು ಐದು ವಾರವಾಗಿತ್ತು. ಶಶಿಧರ ಮಾತ್ರ ಅದೇ ಹೊತ್ತಿಗೆ ಎದ್ದು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದ.

"ಅದೇನ್ಲಾ, ಮೊಟ್ಟೆ ಕಾವು ಕೊಟ್ಟಂಗೆ ಕೊಡ್ತಾ ಇದ್ದೀಯ? ಮರಿ ಆಯ್ತದಾ ಅದು? ಎದ್ದೋಗು ಕಾಲೇಜ್ಗೆ" ಎಂದು ಅವನ ತಾಯಿ ಹೊಂಬಾಳಮ್ಮ ಬುತ್ತಿ ಕಟ್ಟಿಕೊಳ್ಳುತ್ತಾ ಗದರುತ್ತಿದ್ದಳು. ವಿ.ಸಿ. ಫಾರಂನಲ್ಲಿ ವಿಜ್ಞಾನಿಗಳು ಹಾಕಿದ ಭತ್ತದ ತಾಕುಗಳಲ್ಲಿ ಕಳೆ ಕೀಳುವುದು ಅವಳ ಕೆಲಸ. ಗದರುವಾಗ ಅವಳು ಮಗನ ಮುಖ ನೋಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹಿಂದೆ ನಿಲ್ಲುವ ಇಬ್ಬರನ್ನು ಗಾರ್ಡ್ ಎನ್ನುತ್ತಾರೆ. ಒಬ್ಬ ಚೆಂಡನ್ನು ತರುವವನು, ಇನ್ನೊಬ್ಬ ಹಾಕುವವನು. ತರುವವನು ಎದುರಾಳಿಗಳ ನಡುವೆ ಚೆಂಡು ಪುಟಿಸುತ್ತಾ ಬಂದು, ಯಾರಿಗೆ ಯಾವ ಗಳಿಗೆಯಲ್ಲಿ ಕೊಡಬೇಕೋ ಕೊಡುತ್ತಾನೆ. ಹಾಕುವವನು ಬುಟ್ಟಿಗೆ ಹಾಕುತ್ತಾನೆ. ಮರುದಿನ ಪೇಪರಿನಲ್ಲಿ ಹಾಕಿದವನ ಹೆಸರು ಬರುತ್ತದೆ. ಬಡಿಸಿದವನ ಹೆಸರು ಯಾವ ಮದುವೆ ಕಾಗದದಲ್ಲಿ ಇರುತ್ತದೆ? ಜಕಿ ತರುವವನು, ಶಶಿಧರ ಹಾಕುವವನು. ಪೇಪರಿನ ತುಂಡುಗಳನ್ನು ಕತ್ತರಿಸಿ ಶಶಿಧರನ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದವನು ಮಾತ್ರ ಜಕಿ.

ಕಾಲೇಜಿಗೆ ಬಂದ ಮೊದಲ ವರ್ಷ ಶಶಿಧರನಿಗೆ ಚೆಂಡು ಹಿಡಿಯಲೇ ಬರುತ್ತಿರಲಿಲ್ಲ. ಎಸೆದದ್ದು ಎದೆಗೆ ಬಡಿದು ಬೀಳುತ್ತಿತ್ತು. ಜಕಿ ಒಂದು ಭಾನುವಾರ ಅವನನ್ನು ಮದ್ದೂರಿನ ಎಳನೀರು ಮಾರುಕಟ್ಟೆಗೆ ಕರೆದುಕೊಂಡು ಹೋದ. ಜಕಿಯ ತಂದೆ ವಹಾಬ್ ಅಲ್ಲಿ ಲಾರಿ ತುಂಬಿಸುವ ತಂಡದ ಮುಂದಾಳು. ರಾಶಿಯಿಂದ ಲಾರಿಯವರೆಗೆ ಆರೇಳು ಜನ ಸಾಲಾಗಿ ನಿಲ್ಲುತ್ತಾರೆ. ಕಾಯಿ ಕೈಯಿಂದ ಕೈಗೆ ಹಾರುತ್ತಾ ಹೋಗುತ್ತದೆ. ಒಂದು ಎನ್ನುವುದಿಲ್ಲ, 'ಲಾಭ' ಎಂದು ಎಣಿಕೆ ಶುರು. ವಹಾಬ್ 'ಲಾಭ' ಎಂದು ಕೂಗಿದರೆ ಸಾಲಿನಲ್ಲಿರುವ ಪ್ರತಿಯೊಬ್ಬನೂ ತಿರುಗಿ 'ಲಾಭ' ಎನ್ನಬೇಕು. ಒಬ್ಬ ಬೀಡಿ ಹಚ್ಚುತ್ತಾ ಸುಮ್ಮನಿದ್ದರೂ ಮೊದಲ ಕಾಯಿ ಏಳುವುದಿಲ್ಲ.

"ದನಿ ಬಂದ್ರೆ ಆಳು ಅವ್ನೆ ಅಂತ ಲೆಕ್ಕ. ಆಮೇಲೆ ಮೊಕ ನೋಡೋದೇನೂ ಬ್ಯಾಡ, ದನಿ ಬಂದ ಕಡೆಗೆ ಎಸಿ" ಎಂದು ವಹಾಬ್ ಶಶಿಧರನನ್ನು ಸಾಲಿನ ಮಧ್ಯಕ್ಕೆ ನಿಲ್ಲಿಸಿದ್ದರು. ಮೊದಲ ದಿನ ಅವನು ಒಂಬತ್ತು ಕಾಯಿ ಒಡೆದ. ಒಡೆದದ್ದನ್ನೆಲ್ಲ ಅವನಿಗೇ ಕುಡಿಸಿದರು. "ತಂಡದಾಗೆ ಇವ್ನೊಬ್ನಿದ್ರೆ ನಮ್ಗೆ ಯಾಪಾರ ಬ್ಯಾಡ ಬುಡಪ್ಪ" ಎಂದು ಸಾಲೆಲ್ಲ ನಕ್ಕಿತು. ಮೂರು ತಿಂಗಳಿಗೆ ಅವನ ಕೈಯಿಂದ ಒಂದು ಕಾಯಿಯೂ ಬೀಳುತ್ತಿರಲಿಲ್ಲ. ಎರಡನೇ ವರ್ಷ ಅವನು ಪಂದ್ಯಕ್ಕೆ ಹದಿನೆಂಟು ಪಾಯಿಂಟು ಹಾಕತೊಡಗಿದ. ಕಾಲೇಜಿನ ಗೇಟಿನ ಮೇಲೆ ಇಬ್ಬರ ಫ್ಲೆಕ್ಸು ಎದ್ದಿತು. ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರತಿಭೆಗೆ ನಮ್ಮಲ್ಲಿ ಸದಾ ಪ್ರೋತ್ಸಾಹ' ಎಂದು ಬರೆದಿತ್ತು.

ಆ ಫ್ಲೆಕ್ಸಿನಲ್ಲಿ ನಗುತ್ತಿದ್ದ ಜಕಿಯನ್ನೇ ಕಾಲೇಜು ಐದನೇ ಸೆಮಿಸ್ಟರಿನಲ್ಲಿ ಹಾಜರಾತಿ ಸಾಲದೆಂದು ಹೊರಗೆ ನಿಲ್ಲಿಸಿತು. ಬೇಕಾದದ್ದು ನೂರಕ್ಕೆ ಎಪ್ಪತ್ತೈದು, ಅವನದು ಎಪ್ಪತ್ತಮೂರು. ತಂದೆಯ ಭುಜ ಉಳುಕಿದ್ದಾಗ ಹತ್ತು ಬೆಳಿಗ್ಗೆ ಅವನೇ ಸಾಲು ನಡೆಸಿದ್ದ. ಅದು ಹೋಗಲಿ ಎನ್ನೋಣ. ಹಾಸನದಲ್ಲಿ ಇದೇ ಕಾಲೇಜಿನ ಬನಿಯನ್ನು ಹಾಕಿಕೊಂಡು ಇದೇ ಕಾಲೇಜಿಗಾಗಿ ಆಡಿದ ಆರು ದಿನಗಳನ್ನೂ ಗೈರುಹಾಜರಿ ಎಂದೇ ಬರೆದಿದ್ದರು. ಮಗನನ್ನು ನೀರಿಗೆ ಕಳಿಸಿ, ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಬಾಗಿಲು ಹಾಕುವ ಮನೆ ಎಲ್ಲಾದರೂ ಉಂಟೆ? ಕಾಲೇಜುಗಳಲ್ಲಿ ಉಂಟು.

ಆ ಆರು ದಿನವನ್ನು ಹಾಜರಿ ಎಂದು ತಿದ್ದಲು ಒಂದು ಪತ್ರ ಸಾಕಿತ್ತು. ದೈಹಿಕ ಶಿಕ್ಷಣದ ಲಿಂಗಯ್ಯ ಮೇಷ್ಟ್ರು ಅದನ್ನು ಬರೆದು, ಸಹಿ ಹಾಕಿ, ಶುಕ್ರವಾರ ಸಂಜೆ ತಂಡದ ನಾಯಕ ಶಶಿಧರನ ಕೈಗೆ ಕೊಟ್ಟು, "ನಾಳೆಯೇ ಕೊನೇ ದಿನ, ಆಫೀಸಿಗೆ ಕೊಟ್ಟು ಸೀಲು ಹಾಕಿಸ್ಕೊ" ಎಂದಿದ್ದರು. ಶನಿವಾರ ಅಮಾವಾಸ್ಯೆ.

"ಅಮಾಸೆ ದಿವ್ಸ ಯಾರಾದ್ರೂ ಕಾಗ್ದ ಪತ್ರ ಕೊಟ್ಟಾರೇನ್ಲಾ? ಕೆಟ್ಟೋಯ್ತದೆ. ಸ್ವಾಮಾರ ಕೊಡು" ಎಂದಳು ಹೊಂಬಾಳಮ್ಮ. ಮಗ ನಂಬಿದನೋ ಇಲ್ಲವೋ, ಎದುರಾಡಲಿಲ್ಲ. ಪತ್ರ ಚೀಲದಲ್ಲೇ ಉಳಿಯಿತು. ಸೋಮವಾರ ಗುಮಾಸ್ತ ಅದನ್ನು ಮುಟ್ಟದೆ, "ಶನಿವಾರಕ್ಕೇ ಕ್ಲೋಸು" ಎಂದು ಹಿಂದಕ್ಕೆ ತಳ್ಳಿದ. ಶಶಿಧರನಿಗೆ ಆರು ದಿನ ಹೋದರೂ ಎಪ್ಪತ್ತೆಂಟು ಇತ್ತು. ಕೆಟ್ಟದ್ದು ಜಕಿಯದು.

ಜಕಿ ಯಾರನ್ನೂ ಏನೂ ಕೇಳಲಿಲ್ಲ. ಮಾರನೆಯ ದಿನ ರಿಂಗು ಬರಲಿಲ್ಲ, ಅಷ್ಟೆ. ಅವನು ಮಾರುಕಟ್ಟೆಯ ಸಾಲಿಗೆ ಸೇರಿಕೊಂಡ. ಶಶಿಧರ ಮೂರು ಸಲ ಮದ್ದೂರಿನ ಬಸ್ಸಿನ ಹತ್ತಿರ ಹೋಗಿ, ಹತ್ತದೆ ವಾಪಸು ಬಂದ.

ಮಳವಳ್ಳಿಯಲ್ಲಿ ಅಂತರ ಕಾಲೇಜು ಪಂದ್ಯಾವಳಿ ಹತ್ತಿರವಾಗಿತ್ತು. ಲಿಂಗಯ್ಯ ಮೇಷ್ಟ್ರು ಅವನನ್ನು ಕೋಣೆಗೆ ಕರೆದರು.

"ನೋಡಪ್ಪಾ, ಬರೀ ಕೈಲಿ ಹೋದ್ರೆ ಪ್ರಿನ್ಸಿಪಾಲ್ರು ನನ್ನ ಕೂರಿಸೋದೂ ಇಲ್ಲ. ಕಪ್ಪು ತಂದು ಮೇಜಿನ ಮೇಲಿಟ್ರೆ ನನಗೂ ಬಾಯಿ ಬರ್ತದೆ. ಜಕಿ ವಿಷ್ಯ ಆಗ ಎತ್ತುತೀನಿ."

"ಕಪ್ಪು ತಂದ್ರೆ ಅವ್ನು ವಾಪಸ್ ಬರ್ತಾನಾ ಸಾರ್?"

"ಎತ್ತುತೀನಿ ಅಂದ್ನಲ್ಲ."

ಹಸಿದವನು ಎಲೆ ಹಾಸಿದರೆ ಊಟವಾಯಿತು ಎಂದುಕೊಳ್ಳುತ್ತಾನೆ. ಶಶಿಧರ ಅಂದೇ ತರುವವನಾಗಲು ಹೊರಟ. ಅವನಿಗೆ ಎಡಗೈ ಇರಲಿಲ್ಲ, ಎಂದರೆ ಎಡಗೈಯಲ್ಲಿ ಚೆಂಡು ಪುಟಿಸಲು ಬರುತ್ತಿರಲಿಲ್ಲ. ಬಲಗೈಯನ್ನು ಟವಲಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಹೊಳಲಿನಿಂದ ಫಾರಂ ರಸ್ತೆಯವರೆಗೂ ಚೆಂಡು ಪುಟಿಸುತ್ತಾ ಓಡಿದ. ಚೆಂಡು ನಾಲೆಗೆ ಬಿತ್ತು, ತಿಪ್ಪೆಗೆ ಬಿತ್ತು, ಒಮ್ಮೆ ಕಬ್ಬಿನ ಗಾಡಿಯ ಎತ್ತಿನ ಮೂತಿಗೆ ಬಡಿಯಿತು.

"ಕೈ ಮುರ್ಕಂಡವ್ನೆ ಪಾಪ, ಆದ್ರೂ ಚಟ ಬುಟ್ಟಿಲ್ಲ" ಎಂದ ಗಾಡಿಯ ಮಾದಯ್ಯ.

ಮೂರು ವಾರಕ್ಕೆ ಎಡಗೈ ಬಂತು. ಆದರೂ ಮಳವಳ್ಳಿಯ ಮೊದಲ ಪಂದ್ಯದಲ್ಲಿ ಅವನು ಹನ್ನೊಂದು ಸಲ ಚೆಂಡನ್ನು ಯಾರೂ ಇಲ್ಲದ ಜಾಗಕ್ಕೆ ಎಸೆದ. ಹೇಗೋ ಗೆದ್ದರು. ಎರಡನೆಯದರಲ್ಲಿ ಒಂಬತ್ತು ಸಲ. ಪ್ರತಿ ಸಲವೂ ಅದೇ ಜಾಗ: ಬಲಗಡೆ ಮೂಲೆ, ಮೂರು ಪಾಯಿಂಟಿನ ಗೆರೆಯ ಹೊರಗೆ. ಈಗ ಹಾಕುವವನಾಗಿದ್ದವನು ಮಳವಳ್ಳಿ ಕಡೆಯವನೇ ಆದ ಸಂತೋಷ್, ಎರಡನೇ ವರ್ಷದವನು. ಶಶಿಧರ ಅವನ ಮೇಲೆ ಹರಿಹಾಯ್ದ.

"ಕಣ್ಣಿಲ್ವೇನ್ಲಾ ನಿಂಗೆ? ಚೆಂಡು ಮೂಲೆಗೆ ಬಂದ್ರೆ ಮೂಲೇಲಿರ್ಬೇಕು!"

ಸಂತೋಷ್ ನೀರಿನ ಬಾಟಲಿ ಕೆಳಗಿಟ್ಟ. "ಆ ಮೂಲೇಲಿ ನಿಂತ್ಕತಿದ್ದೋನು ನೀನು ಕಣಣ್ಣ. ನಾನು ಒಂದೆಜ್ಜೆ ಒಳಗಿವ್ನಿ. ನೀನು ನಿಂಗೇ ಎಸ್ಕತಾ ಇದ್ದೀಯ."

ಶಶಿಧರ ಹೋಗಿ ಬೇಲಿಯ ಹತ್ತಿರ ಕೂತ. ಹುಡುಗ ಹೇಳಿದ್ದು ನಿಜವಾಗಿತ್ತು. ತಾನು ಮೂಲೆಯಲ್ಲಿ ನಿಂತಿರಬೇಕು, ಜಕಿ ಚೆಂಡು ತರಬೇಕು. ಕೈ ಅದನ್ನೇ ಬಯಸುತ್ತಿತ್ತು. ಎರಡೂವರೆ ವರ್ಷ ಹಿಡಿದವನು ಎಸೆಯುವವನ ಕಷ್ಟವನ್ನು ಒಂದು ದಿನವೂ ಕೇಳಿರಲಿಲ್ಲ. ಪ್ರತಿ ಸಲ ಎಸೆಯುವ ಮುಂಚೆ ಜಕಿ ತುಟಿಯಲ್ಲೇ ಏನೋ ಗೊಣಗುತ್ತಿದ್ದುದು ಈಗ ನೆನಪಿಗೆ ಬಂತು. ದೇವರ ಹೆಸರಿರಬೇಕು ಎಂದುಕೊಂಡಿದ್ದ. ಅಲ್ಲ. ಅದು 'ಲಾಭ'. ಮೂಲೆಯಿಂದ ತಾನು 'ಲೇ' ಎಂದು ಕೂಗುವವರೆಗೂ ಜಕಿ ಎಸೆದದ್ದೇ ಇಲ್ಲ.

ಫೈನಲ್ಲಿಗೆ ಮುಂಚೆ ಅವನು ನಾಲ್ವರನ್ನೂ ಸುತ್ತ ನಿಲ್ಲಿಸಿಕೊಂಡ. "ನಾನು ಲಾಭ ಅಂತೀನಿ. ಎಲ್ರೂ ತಿರುಗಿ ಅನ್ಬೇಕು. ದನಿ ಬರದೆ ನಾನು ಎಸೆಯೋನಲ್ಲ."

"ನಾವೇನು ಕಾಯಿ ತುಂಬೋಕೆ ಬಂದಿದ್ದೀವಾ?" ಎಂದು ಒಬ್ಬ ನಕ್ಕ.

"ಹೂಂ ಕಣ್ಲಾ, ಅಂಗೇ ಅನ್ಕೊ."

ಆ ಸಂಜೆ ಮಳವಳ್ಳಿಯ ಅಂಗಳದಲ್ಲಿ ವಿಚಿತ್ರ ಆಟ ನಡೆಯಿತು. ಚೆಂಡು ಅರ್ಧಗೆರೆ ದಾಟಿದ ಕೂಡಲೆ ಒಬ್ಬ 'ಲಾಭ' ಎನ್ನುವನು, ನಾಲ್ಕು ಕಡೆಯಿಂದ 'ಲಾಭ, ಲಾಭ' ಎಂದು ಬರುವುದು. ಎದುರಾಳಿಗಳಿಗೆ ಇದೇನು ಭಜನೆಯೋ ಎಂದು ಗೊಂದಲ. ನೋಡಲು ಬಂದಿದ್ದ ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಎರಡನೇ ಅರ್ಧದಲ್ಲಿ ಅವರೂ ಕೂಗತೊಡಗಿದರು. ಶಶಿಧರ ಹಾಕಿದ್ದು ಬರೀ ನಾಲ್ಕು ಪಾಯಿಂಟು. ಹಾಕಿಸಿದ್ದು ಮೂವತ್ತರ ಮೇಲೆ. ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟು ಹಿಂದಿದ್ದಾಗ ಇಬ್ಬರು ಅವನ ಮೈಮೇಲೆ ಬಿದ್ದರು. ಅವನಿಗೆ ಬರೀ ಭುಜಗಳು ಕಾಣುತ್ತಿದ್ದವು. "ಲಾಭ!" ಎಂದ. ಬಲಗಡೆಯಿಂದ, ಒಂದು ಹೆಜ್ಜೆ ಒಳಗಿನಿಂದ ಸಂತೋಷನ ದನಿ ಬಂತು. ನೋಡದೆ, ಎಡಗೈಯಿಂದ ಎಸೆದ. ಚೆಂಡು ಬಲೆಯೊಳಗೆ ಬಿದ್ದ ಸದ್ದು ಕೇಳಿಸಿತು. ಉಳಿದ ಸೆಕೆಂಡುಗಳಲ್ಲಿ ಎದುರಾಳಿಗಳು ಎಸೆದದ್ದು ಬುಟ್ಟಿಯ ಅಂಚು ಸುತ್ತಿ ಹೊರಗೆ ಬಿತ್ತು.

ಹುಡುಗರು ಅವನನ್ನು ಎತ್ತಿಕೊಂಡಾಗ ಅವನ ಕಿವಿ ಮಾತ್ರ ಇನ್ನೊಂದು ದನಿಗಾಗಿ ಕಾಯುತ್ತಿತ್ತು.

ಕಪ್ಪು ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ಫೋಟೋ ಆಯಿತು. ಲಿಂಗಯ್ಯ ಮೇಷ್ಟ್ರು ಕೊಟ್ಟ ಮಾತಿನಂತೆ ವಿಷಯ ಎತ್ತಿದರು. ಮೂರನೆಯ ದಿನ ಒಂದು ಪತ್ರ ಸಿದ್ಧವಾಯಿತು: ಜಕೀವುಲ್ಲಾನನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ ಮತ್ತೆ ಸೇರಿಸಿಕೊಳ್ಳಲಾಗುವುದು. ಶಶಿಧರ ಅಷ್ಟನ್ನೇ ಓದಿದ. ಅಂದು ಯಾವ ತಿಥಿ ಎಂದು ಹೊಂಬಾಳಮ್ಮ ಕೇಳಲಿಲ್ಲ. "ಈಗ್ಲೇ ಓಗ್ಲಾ. ಓಗಿ ಅವ್ನ ಕೈಗೇ ಕೊಡು" ಎಂದಳು, ಈ ಸಲ ಮಗನ ಮುಖ ನೋಡಿಕೊಂಡೇ.

ಮದ್ದೂರಿನ ಮಾರುಕಟ್ಟೆಯಲ್ಲಿ ಜಕಿ ಲಾರಿಯ ಬುಡದಲ್ಲಿ ನಿಂತಿದ್ದ. ಕೈ ನಿಲ್ಲಿಸದೆ ಅವನನ್ನು ನೋಡಿದ.

"ಬಂದ್ಯಾ? ಮಳವಳ್ಳೀಲಿ ಲಾಭ ಲಾಭ ಅಂತ ಅರಚಾಡಿದ್ರಂತೆ. ನಮ್ಮಪ್ಪಂಗೆ ಕೂಲಿ ಕೊಡ್ಬೇಕು ನೀವು."

"ಜಕೀ, ಆ ಪತ್ರ ನಾನೇ ಕೊಡ್ಲಿಲ್ಲ ಕಣ್ಲಾ. ಅಮಾಸೆ ಅಂತ..."

"ಗೊತ್ತು ಬುಡ್ಲಾ. ನಿಮ್ಮವ್ವ ಫೋನ್ ಮಾಡಿ ಅತ್ತಿತ್ತು. ನಮ್ಮಮ್ಮ ಸಮಾಧಾನ ಮಾಡ್ತು. ಇಬ್ರೂ ಒಂದ್ಗಂಟೆ ಮಾತಾಡವ್ರೆ. ಈಗ ವಾರಕ್ಕೊಂದ್ಸಲ ಮಾತಾಡ್ತಾರೆ. ನೀನೇ ಮಾಡ್ಲಿಲ್ಲ."

ಶಶಿಧರ ಜೇಬಿಗೆ ಕೈ ಹಾಕಿದ. ಪತ್ರ ಚಾಚಿದ. ಜಕಿ ಕೈ ಒರೆಸಿಕೊಂಡು ಅದನ್ನು ಕೊನೆಯವರೆಗೂ ಓದಿದ.

"ಜೂನ್‌ನಿಂದ ಅಂತ ಐತೆ."

"ಏನು?"

"ಮತ್ತೆ ಐದನೇ ಸೆಮಿಸ್ಟರ್‌ಗೆ, ಬರೋ ಜೂನ್‌ನಿಂದ. ಅಷ್ಟೊತ್ಗೆ ನೀನು ಡಿಗ್ರಿ ಮುಗ್ಸಿರ್ತೀಯಲ್ಲೋ."

ಶಶಿಧರ ಪತ್ರವನ್ನು ಕಿತ್ತುಕೊಂಡು ಓದಿದ. ಜೂನ್ ಎಂದೇ ಇತ್ತು. ಕಾಲೇಜಿಗೆ ಅದು ಔದಾರ್ಯ. ಒಂದು ಪೀಠೋಪಕರಣವನ್ನು ಈ ಕೋಣೆಯಿಂದ ತೆಗೆದು ಬರುವ ವರ್ಷ ಆ ಕೋಣೆಗೆ ಹಾಕಿದ ಹಾಗೆ. ಇಬ್ಬರು ಒಟ್ಟಿಗೆ ಇದ್ದದ್ದರಿಂದಲೇ ಇಬ್ಬರೂ ಆಟಗಾರರಾಗಿದ್ದರು ಎಂಬುದಕ್ಕೆ ಅವರ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

"ನಾನೂ ಫೇಲಾಗ್ಬುಡ್ಲೇನ್ಲಾ?"

"ನಿಮ್ಮವ್ವ ಕುಡ್ಲು ತಗೊಂಡು ಫಾರಂನಿಂದ ಮದ್ದೂರ್ಗೆ ಓಡ್ಬತ್ತದೆ. ಮೊದ್ಲು ನನ್ನ ಕೊಯ್ತದೆ." ಜಕಿ ನಕ್ಕ. ಪತ್ರವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ಓಯ್ತೀನಿ ಕಣ್ಲಾ ಜೂನ್‌ಗೆ. ಆ ಸಂತೋಸ ಒಂದೆಜ್ಜೆ ಒಳಗೆ ನಿಂತ್ಕತಾನಂತಲ್ಲ, ಅವ್ನಿಗೆ ಎಸೀಬೇಕು ಇನ್ಮೇಲೆ." ಆಮೇಲೆ, ಕಾಯಿಗಳ ಕಡೆ ನೋಡುತ್ತಾ, "ಕೈಗೆ ಮೂಲೇನೇ ಅಭ್ಯಾಸ" ಎಂದ.

ಸಾಲಿನಲ್ಲಿ ಒಬ್ಬ ಟೀಗೆ ಹೋಗಿದ್ದ. ಶಶಿಧರ ಆ ಜಾಗಕ್ಕೆ ನಿಂತ. ವಹಾಬ್ ಕೂಗಿದರು, ಎಲ್ಲರೂ ತಿರುಗಿ ಕೂಗಿದರು. ಜಕಿಯ ದನಿ ಎಡಭುಜದ ಹಿಂದಿನಿಂದ ಬಂತು. ಲಾರಿ ತುಂಬುವವರೆಗೂ ಶಶಿಧರ ಒಮ್ಮೆಯೂ ತಿರುಗಿ ನೋಡಲಿಲ್ಲ. ಒಂದು ಕಾಯಿಯೂ ಬೀಳಲಿಲ್ಲ.

ಸಂಜೆ ಮದ್ದೂರಿನಲ್ಲಿ ಪ್ಯಾಸೆಂಜರ್ ಹತ್ತಿ, ಜಕಿ ಕೂರುತ್ತಿದ್ದ ಬಾಗಿಲ ಪಕ್ಕದ ಸೀಟಿನಲ್ಲೇ ಕೂತ. ಹನಕೆರೆಯಲ್ಲಿ ಗಾಡಿ ನಿಂತಿತು. ಹೊಲದಿಂದ ಬಂದ ಇಬ್ಬರು ಹೆಂಗಸರು ಹುಲ್ಲಿನ ಹೊರೆ ಸಮೇತ ಹತ್ತಿದರು. ಗಾಡಿ ಹೊರಟಿತು. ಅವನು ಫೋನು ತೆಗೆದು ಜಕಿಯ ನಂಬರು ಒತ್ತಿ, ಒಂದೇ ಸಲ ರಿಂಗಾಗಲು ಬಿಟ್ಟು ಕತ್ತರಿಸಿದ.

ಮದ್ದೂರಿನಲ್ಲಿ ಯಾರೂ ಎತ್ತಲಿಲ್ಲ. ಎತ್ತಬಾರದು ಎಂಬುದು ಅವರಿಬ್ಬರ ನಿಯಮವಾಗಿತ್ತು.