ಬಾಗಿಲ ಬಳಿಯ ಕುರ್ಚಿ

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಪುಣೆಯ ಸದಾಶಿವ ಪೇಠದ ನಮ್ಮ ಫ್ಲ್ಯಾಟಿನಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. ಜಗಳಕ್ಕೆ ಬರವಿತ್ತು. ಕಂಪನಿಗಳಿಗೆ ಸಾಲ ಮಂಜೂರು ಮಾಡುವ ವಿಭಾಗದಲ್ಲಿ ವಾದ ಮಾಡಿ ಮಾಡಿಯೇ ತಲೆ ನರೆತವಳು ನಾನು. ಎದುರಿಗೆ ಕೂತವರ ಬೆವರಿಳಿಸದ ದಿನ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಹಾಗಾಗಿ ಆ ಫೋನು ಬಂದಾಗ ಒಳಗೊಳಗೇ ಖುಷಿಯಾಯಿತು. ಆದರೆ ಖುಷಿ ಫೋನು ಇಡುವ ತನಕವೂ ಉಳಿಯಲಿಲ್ಲ.

ಫೋನು ಮಾಡಿದವರು ಪುಣೆಯ ಹೊರಗಿನ ರಾಂಜಣಗಾಂವದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಅಧ್ಯಕ್ಷರು. ಮೂಲ ಬೆಳಗಾವಿ ಕಡೆಯವರು.

"ಮೇಡಂ, ಬೋರ್ಡಿನ್ಯಾಗ ಹೊರಗಿನವರು ಒಬ್ಬರು ಲೇಡೀಸ್ ಇರಬೇಕಂತ ಕಾಯ್ದೆ ಆಗೇದ್ರಿ. ಮನೀ ಮಂದಿ ನಡಿಯೂದಿಲ್ಲಂತ. ನೀವಂದ್ರ ಧಾರವಾಡದವರು, ನಮ್ಮವರು. ಜಗಳಾ-ಗಿಗಳಾ ಮಾಡೂದಿಲ್ಲ."

ಮೈ ಉರಿಯಿತು. ನನ್ನ ಅನುಭವದ ಬಗ್ಗೆ ಒಂದು ಮಾತಿಲ್ಲ, ಹೆಂಗಸಾಗಿದ್ದರೆ ಸಾಕು! ಪಕ್ಕದ ಮನೆಯವರು ಒಂದು ಬಟ್ಟಲು ಸಕ್ಕರೆ ಕೇಳಿದ ಹಾಗೆ ಕೇಳಿದ್ದರು. ಕೋಟಾ ಎಂಬ ಶಬ್ದ ನನ್ನ ಹಣೆಗೆ ಅಂಟಬಾರದೆಂದು ನೌಕರಿಯುದ್ದಕ್ಕೂ ಗಂಡಸರಿಗಿಂತ ಹೆಚ್ಚು ದುಡಿದವಳು ನಾನು. ಅದು ಈಗ ಈ ವಯಸ್ಸಿನಲ್ಲಿ ಮನೆ ಹುಡುಕಿಕೊಂಡು ಬಂದಿತ್ತು.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಕೋಟಾದಾಗ ಕರದ್ರೇನಾತು, ಹೋಗು. ಮನ್ಯಾಗ ನನಗೂ ಸ್ವಲ್ಪ ಶಾಂತಿ ಸಿಗ್ತದ" ಅಂದರು.

ಹೋದೆ. ಬಾಗಿಲನ್ನು ಯಾರು, ಯಾಕೆ ತೆರೆದರೆಂದು ಹೊಸ್ತಿಲಲ್ಲೇ ನಿಂತು ವಾದ ಮಾಡುತ್ತಿದ್ದರೆ ಒಳಗೆ ಹೋಗುವುದು ಯಾವಾಗ? ನಿಜ ಹೇಳಬೇಕೆಂದರೆ ಆ ಕುರ್ಚಿ ನನಗೆ ಬೇಕೂ ಆಗಿತ್ತು.

ಕಂಪನಿಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಸುತ್ತ ಗಂಡಸರು. ಬಾಗಿಲ ಬಳಿಯ ಕಡೆಯ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟ ಒಬ್ಬ ಹೆಂಗಸು ಕೂತಿದ್ದರು. ಅಧ್ಯಕ್ಷರ ಹೆಂಡತಿ. ಬೋರ್ಡಿನಲ್ಲಿ ಒಬ್ಬ ಮಹಿಳೆ ಇರಲೇಬೇಕೆಂದು ಕಾಯ್ದೆ ಮೊದಲ ಸಲ ಬಂದಾಗ ಎಷ್ಟೋ ಕಂಪನಿಗಳು ಮಾಡಿದ್ದನ್ನೇ ಇವರೂ ಮಾಡಿದ್ದರು, ಮನೆಯಾಕೆಯನ್ನೇ ನಿರ್ದೇಶಕಿಯಾಗಿಸಿದ್ದರು. ಮುಂದೆ ಕಾಯ್ದೆ ಬಿಗಿಯಾಗಿ ಹೊರಗಿನವರೇ ಬೇಕೆಂದಾಗ ನನಗೆ ಕರೆ ಬಂದದ್ದು.

ಸಭೆ ನಡೆಯುವುದು ಇಂಗ್ಲಿಷಿನಲ್ಲಿ, ನಗೆಚಾಟಿಕೆ ಮರಾಠಿಯಲ್ಲಿ. ಆಕೆ ಎರಡರಲ್ಲೂ ತುಟಿ ಬಿಚ್ಚಲಿಲ್ಲ. ಚಹಾದ ಟ್ರೇ ಬಂದಾಗ ಮಾತ್ರ ಎದ್ದರು. ಯಾರಿಗೆ ಸಕ್ಕರೆ ಇಲ್ಲದ್ದು, ಯಾರಿಗೆ ಹಾಲಿಲ್ಲದ್ದು ಎಂದು ಪ್ರತಿ ಕಪ್ಪನ್ನೂ ನೋಡಿ ಕೊಡಿಸಿ, ಮತ್ತೆ ಹೋಗಿ ಕೂತರು. ಬಾಗಿಲ ಬಳಿಯ ಕುರ್ಚಿಯ ಮರ್ಮ ಆಗ ಗೊತ್ತಾಯಿತು.

ಅವತ್ತು ಅಧ್ಯಕ್ಷರು ಒಂದು ಒಳ್ಳೆಯ ಮಾತು ಹೇಳಿದರು. ಸಂಜೆ ಪಾಳಿಯ ಹೆಣ್ಣುಮಕ್ಕಳನ್ನು ಕಂಪನಿಯ ಬಸ್ಸು ಹೆದ್ದಾರಿಯಲ್ಲಿ ಇಳಿಸಿ ಹೋಗಬಾರದು, ಊರೊಳಗೆ ಬಿಡಬೇಕು ಎಂದು. ಎಲ್ಲರೂ ತಲೆದೂಗಿದರು, ನಾನೂ ದೂಗಿದೆ. ಪರವಾಗಿಲ್ಲ, ಮನುಷ್ಯನಿಗೆ ಕಣ್ಣಿದೆ ಅಂದುಕೊಂಡೆ.

ಸಭೆ ಮುಗಿದ ಮೇಲೆ ಅಧ್ಯಕ್ಷರು ಕಾರ್ಖಾನೆಯಲ್ಲೇ ಉಳಿಯುತ್ತಿದ್ದರು. ಹಾಗಾಗಿ ಪುಣೆಗೆ ಮರಳುವಾಗ ಅವರ ಹೆಂಡತಿಗೂ ನನಗೂ ಒಂದೇ ಕಾರು. ನಾನು ಆಕೆಯನ್ನು ವೈನಿ ಎನ್ನತೊಡಗಿದ್ದೆ, ನಮ್ಮ ಕಡೆ ಅತ್ತಿಗೆಯನ್ನು ಕರೆಯುವ ಹಾಗೆ. ಅವರಿಗೆ ನಾನು ಬಾಯಾರು, ಅಂದರೆ ಮೇಡಂ. ಇಂಥ ಒಂದು ಪ್ರಯಾಣದಲ್ಲಿ ನಾನು ಬಸ್ಸಿನ ಮಾತೆತ್ತಿ ಅವರ ಗಂಡನನ್ನು ಹೊಗಳಿದಾಗ ವೈನಿ ಕಿಟಕಿಯ ಕಡೆ ನೋಡಿ ನಕ್ಕರು.

"ಅದು ನಾ ಹೇಳಿದ್ದು, ಬಾಯಾರ. ನಂದು ಏನಿದ್ರೂ ಮುಂಜಾನಿ ನಾಷ್ಟಾದಾಗ ಹೇಳಿಬಿಟ್ಟಿರ್ತೇನ್ರಿ. ಮೀಟಿಂಗಿನ್ಯಾಗ ಅವರ ಬಾಯಿಂದ ಬರ್ತದ."

"ನೀವೇ ಯಾಕ ಹೇಳಬಾರದ್ರಿ?"

"ಅವರು ಹೇಳಿದ್ರ ಕೆಲಸ ಆಗ್ತದಲ್ರಿ."

ನನಗೆ ಸಿಟ್ಟು ಬಂತು. ಆಕೆಯ ಮೇಲೋ, ಗಂಡನ ಮೇಲೋ, ತಲೆದೂಗಿದ ನನ್ನ ಮೇಲೋ ತಿಳಿಯಲಿಲ್ಲ. ಆದರೆ ವೈನಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯಿತ್ತು. ಉಪ್ಪಿಟ್ಟು, ಚಹಾ, ಜತೆಗೆ ಕಾರ್ಖಾನೆಯ ಮಾತು. ಅವರ ಸಂಸಾರ ನಡೆದುಬಂದದ್ದೇ ಹಾಗೆ. ಅದರಲ್ಲಿ ಮೂಗು ತೂರಿಸಲು ನಾನ್ಯಾರು ಎಂದು ಸುಮ್ಮನಾದೆ.

ಒಂದು ವರ್ಷ ಕಳೆದಿರಬೇಕು. ಒಂದು ಸಭೆಯ ದಿನ ವೈನಿ ಕಾರ್ಖಾನೆಯ ಮೆಟ್ಟಿಲ ಬಳಿಯೇ ನನಗಾಗಿ ಕಾದು ನಿಂತಿದ್ದರು. ಮುಖ ಬಾಡಿತ್ತು.

"ಇವತ್ತ ನಾಷ್ಟಾದಾಗ ಅವರು ಒಂದ ಮಾತೂ ಆಡ್ಲಿಲ್ರಿ, ಬಾಯಾರ. ನಾ ಕೇಳಿದ್ರೂ ಹ್ಞೂಂ ಹ್ಞೂಂ ಅಂದ್ರು. ಏನೋ ಅದ. ನನ್ನ ಬಗ್ಗೆನೇ ಅದ."

ಅದು ನಿಜವಾಗಿತ್ತು. ಸರದಿಯಂತೆ ವೈನಿಯ ಅವಧಿ ಮುಗಿಯುತ್ತಿತ್ತು. ಪ್ರತಿ ಸಲ ಯಾರೂ ಚಕಾರವೆತ್ತದೆ ಮುಂದುವರಿಯುತ್ತಿದ್ದ ಹೆಸರು ಅದು. ಈ ಸಲ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಆ ಜಾಗಕ್ಕೆ ಅಳಿಯನನ್ನು ತೆಗೆದುಕೊಳ್ಳೋಣ, ಮಹಿಳೆಯ ಸ್ಥಾನವನ್ನು ಹೇಗೂ ಮೇಡಂ ತುಂಬಿದ್ದಾರಲ್ಲ ಎಂದರು. ಎಲ್ಲರೂ ನನ್ನ ಕಡೆ ನೋಡಿ ಮುಗುಳ್ನಕ್ಕರು, ನನ್ನನ್ನು ಹೊಗಳಿದರೆಂಬಂತೆ.

ನಾನು ಒಳಗೆ ಬಂದದ್ದೇ ಇನ್ನೊಬ್ಬಾಕೆ ಹೊರಗೆ ಹೋಗಲು ದಾರಿಯಾಗಿತ್ತು. ಒಬ್ಬರು ಇರಲೇಬೇಕು ಎಂಬ ಕಾಯ್ದೆಯನ್ನು ಇವರು ಒಬ್ಬರೇ ಇರಬೇಕು ಎಂದು ಓದಿಕೊಂಡಿದ್ದರು.

ಹಾಗೆಂದು ಹೇಳಿಯೂ ಹೇಳಿದೆ. ಕಡಿಮೆಯೆಂದರೆ ಒಬ್ಬರು ಅನ್ನುತ್ತದೆ ಕಾಯ್ದೆ, ಇಬ್ಬರಾದರೆ ಯಾರೂ ದಂಡ ಹಾಕುವುದಿಲ್ಲ. ಅಳಿಯನೂ ಬರಲಿ, ಜಾಗವಿದೆ. ಇವರು ಯಾಕೆ ಹೋಗಬೇಕು, ಕಾರಣ ಹೇಳಿ ಎಂದೆ. ದನಿ ಏರಿದ್ದು ನನಗೇ ಗೊತ್ತಾಯಿತು. ಜಗಳಾ-ಗಿಗಳಾ ಮಾಡದ ಧಾರವಾಡದವಳನ್ನು ಅಧ್ಯಕ್ಷರು ಮಿಕಿಮಿಕಿ ನೋಡಿದರು. ಮರಾಠಿಯಲ್ಲಿ ಯಾರೋ, ಇದು ಮನೆಯ ವಿಷಯ, ಮೇಡಂ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂದರು.

"ಬೇಕಾದ್ರ ಆಕಿನ್ನೇ ಕೇಳ್ರಿ ಮೇಡಂ" ಎಂದು ಅಧ್ಯಕ್ಷರು ಕನ್ನಡಕ್ಕೆ ಬಂದರು. "ಆಕಿಗೆ ಏನೂ ಬ್ಯಾಸರಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆದು ಚಹಾ ಬಂತು. ಅಭ್ಯಾಸಬಲದಿಂದ ವೈನಿಯ ಕೈ ಕುರ್ಚಿಯ ತೋಳಿನ ಮೇಲೆ ಊರಿತು. ಏಳುತ್ತಾರೆ, ಇನ್ನು ಮುಗಿಯಿತು ಎಂದು ನಾನು ಹಲ್ಲು ಕಚ್ಚಿದೆ. ಅವರು ಏಳಲಿಲ್ಲ.

"ನನಗ ಬ್ಯಾಸರ ಅದ" ಎಂದರು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಬಸ್ಸು ಊರೊಳಗೆ ಹೋಗಬೇಕು ಎಂದದ್ದು ನಾನು. ಇಷ್ಟು ವರ್ಷ ಇಂಥ ಎಷ್ಟೋ ಮಾತು ನನ್ನವು. ನಾನು ಇಲ್ಲಿ ಸುಮ್ಮನೆ ಕೂತಿರಲಿಲ್ಲ. ನನ್ನನ್ನು ತೆಗೆಯುವುದಾದರೆ ತೆಗೆಯಿರಿ, ಆದರೆ ನನಗೇನೂ ಅನ್ನಿಸುವುದಿಲ್ಲ ಎಂದು ಬರೆದುಕೊಳ್ಳಬೇಡಿ.

ಚಹಾದ ಕಪ್ಪುಗಳು ಹೇಗೆ ಬೇಕೋ ಹಾಗೆ ಹಂಚಿಹೋದವು. ಅಧ್ಯಕ್ಷರು ಒಂದು ಗುಟುಕು ಕುಡಿದು ಮುಖ ಕಿವುಚಿ ಕಪ್ಪು ಕೆಳಗಿಟ್ಟರು. ಯಾರಿಗೂ ವಿಷಯ ಮುಂದುವರಿಸುವ ಧೈರ್ಯ ಬರಲಿಲ್ಲ. ವೈನಿಯ ಹೆಸರು ಉಳಿಯಿತು.

ನಾನು ಗೆದ್ದವಳ ಹಾಗೆ ಕಾರು ಹತ್ತಿದೆ. ಅರ್ಧ ದಾರಿಯಲ್ಲಿ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ನಾಷ್ಟಾದಾಗ ಏನ್ ಮಾತಾಡ್ಲಿ, ಬಾಯಾರ?" ಎಂದರು.

ಮುಂದಿನ ವಾರಗಳಲ್ಲಿ ಒಂದೆರಡು ಸಲ ವೈನಿಗೆ ಫೋನು ಮಾಡಿದೆ. ಗಂಡ ಪೇಪರು ಅಡ್ಡ ಹಿಡಿದು ತಿಂದು ಏಳುತ್ತಾರಂತೆ. "ಕುರ್ಚಿ ಉಳೀತ್ರಿ. ಆದ್ರ ಮನ್ಯಾಗ ಚಮಚದ ಸಪ್ಪಳ ಭಾಳ ಕೇಳಸ್ತದ" ಎಂದರು. ಪಶ್ಚಾತ್ತಾಪವೇ ಎಂದು ಕೇಳಿದೆ. ಅಲ್ಲ ಎಂದರು, ಆದರೆ ಕೂಡಲೇ ಅನ್ನಲಿಲ್ಲ. ಕಾಯ್ದೆ ಮಾಡಿದವರು ಕುರ್ಚಿ ಎಷ್ಟೆಂದು ಬರೆದಿದ್ದರು. ಕೂತವರ ಮನೆಯ ಮೌನಕ್ಕೆ ಏನು ಮಾಡಬೇಕೆಂದು ಬರೆಯುವುದು ಅವರ ಕೈಲಿರಲಿಲ್ಲ. ನನಗೆ ಆ ದಿನಗಳಲ್ಲಿ ನಿಜಕ್ಕೂ ಭಯವಾಗುತ್ತಿತ್ತು, ಒಳ್ಳೆಯದು ಮಾಡಲು ಹೋಗಿ ಒಂದು ಸಂಸಾರದ ಮಾತು ಕಸಿದೆನೇ ಎಂದು.

ಮುಂದಿನ ಸಭೆಗೆ ಹೋದಾಗ ವೈನಿ ಬಾಗಿಲ ಬಳಿ ಇರಲಿಲ್ಲ. ನನ್ನ ಪಕ್ಕ, ಅಧ್ಯಕ್ಷರ ಎದುರಿಗೇ ಕೂತಿದ್ದರು. ಗಂಡ-ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಹೊಸ ಶೆಡ್ಡಿಗಾಗಿ ಕ್ಯಾಂಟೀನು ಕೆಡವಬೇಕೋ ಬೇಡವೋ ಎಂಬ ವಿಷಯ ಬಂತು. ಎಲ್ಲರೂ ಅಧ್ಯಕ್ಷರ ಮಾತಿಗೆ ಕಾದರು. ಅವರು ಕಾಗದ ತಿರುವಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅಂದು ಮುಂಜಾನೆ ಅವರಿಗೆ ಯಾರೂ ಏನೂ ಹೇಳಿ ಕಳಿಸಿರಲಿಲ್ಲ.

ಕೊನೆಗೆ ತಲೆ ಎತ್ತಿ, ಅಷ್ಟು ಮಂದಿಯ ನಡುವೆ, ಊಟದ ಮೇಜಿನಲ್ಲಿ ಕೇಳುವ ದನಿಯಲ್ಲಿ ಹೆಂಡತಿಯನ್ನು ಕೇಳಿದರು: "ಇದಕ್ಕ ನೀ ಏನಂತೀ?"

ವೈನಿ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳತೊಡಗಿದರು.